ಉಲ್ಟಾ ಪುಸ್ತಕವನ್ನು ಸೀದಾ ಮಾಡಲು ಹೋಗಿ

ಸಾವಿರದ ಇನ್ನೂರು ರೂಪಾಯಿ. ಒಂದೇ ಒಂದು ಪುಸ್ತಕಕ್ಕೆ.

ಅಂಗೈಗಿಂತ ಸ್ವಲ್ಪ ದೊಡ್ಡದು. ತೆಳು ಕಾಗದ. ಒಳಗೆ ಬಣ್ಣವಿಲ್ಲ, ಬರೀ ಕಪ್ಪು ಬಿಳುಪು ಚಿತ್ರ. ಭಾಷೆ ಜಪಾನಿ. ನಮ್ಮ ಶಿಡ್ಲಘಟ್ಟದಲ್ಲಿ ಆ ಭಾಷೆ ಓದುವವರು ಎಷ್ಟು ಜನ ಇದ್ದಾರು? ನನಗೆ ತಿಳಿದ ಹಾಗೆ ಒಬ್ಬಳು. ಅವಳೂ ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು, ಅದರಲ್ಲಿ ಅರ್ಥ ಹುಡುಕುತ್ತಾ, ಒಂದು ಪುಟಕ್ಕೆ ಹತ್ತು ನಿಮಿಷ ತೆಗೆದುಕೊಂಡು ಓದುವವಳು. ನನ್ನ ಮಗಳು ಚೈತ್ರ.

ಹಾಗಿದ್ದರೂ ಯಾಕೆ ಕೊಟ್ಟೆ? ನಿಮಗೆ ಈ ಪ್ರಶ್ನೆ ಬಂದೇ ಬರುತ್ತದೆ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮಂಕರಿ ಹೊತ್ತು ಶುರು ಮಾಡಿ, ಇವತ್ತು ನಾಲ್ಕು ಜನರಿಗೆ ಕೆಲಸ ಕೊಟ್ಟು ರೇಷ್ಮೆ ನೂಲು ಮಾರುವವನು ನಾನು. ಕೊತ್ತಂಬರಿ ಸೊಪ್ಪು ಕೊಳ್ಳುವಾಗಲೂ ಕರಿಬೇವು ಪುಕ್ಕಟೆ ಹಾಕಿಸಿಕೊಳ್ಳದೆ ಎದ್ದವನಲ್ಲ. (ಹಾಕಿಸಿಕೊಳ್ಳುವುದು ಹೇಗೆ ಅಂತ ಇದೇ ಅಂಕಣದಲ್ಲಿ ಹೇಳಿಯೂ ಇದ್ದೇನೆ.) ಅಂಥವನು ಕೊಟ್ಟೆ ಅಂದರೆ ಕಾರಣ ಇರಲೇಬೇಕಲ್ಲ?

ಇತ್ತು. ಅದು ದಂಡ.

ಯುಗಾದಿಗೆ ಮನೆ ಸುಣ್ಣ ಬಣ್ಣ ಮಾಡಿಸುವಾಗ ಚೈತ್ರಳ ಮಂಚದ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ತುಂಬಾ ಪುಸ್ತಕ. ಮೇಲೆ ದೊಡ್ಡ ಕಣ್ಣಿನ ಗೊಂಬೆ ಮುಖಗಳು. ಎಲ್ಲವೂ ಮಾಂಗಾ, ಅಂದರೆ ಜಪಾನಿನ ಚಿತ್ರಕಥೆಗಳು, ಇಂಗ್ಲಿಷಿಗೆ ಬಂದವು. ಡಿಗ್ರಿ ಓದುವ ಹುಡುಗಿ ಇನ್ನೂ ಗೊಂಬೆ ಪುಸ್ತಕ ಇಟ್ಟುಕೊಳ್ಳುತ್ತಾಳೆಯೇ? ಚಿಕ್ಕವಳಿದ್ದಾಗಿನದು ಇರಬೇಕು ಅಂದುಕೊಂಡೆ. ಹಳೇ ಪೇಪರಿನ ಜೊತೆ ಸೇರಿಸಿ ರದ್ದಿಯವನಿಗೆ ತೂಕಕ್ಕೆ ಹಾಕಿದೆ. ಒಂದನ್ನೂ ತೆರೆದು ನೋಡಲಿಲ್ಲ. 'ಇದು ಒಳ್ಳೆ ಕಾಗದ ಕಣಯ್ಯ' ಅಂತ ಕೆಜಿಗೆ ಎರಡು ರೂಪಾಯಿ ಹೆಚ್ಚಿಗೆ ಬೇರೆ ಮಾಡಿಸಿದೆ.

ಸಂಜೆ ಚಿಂತಾಮಣಿ ಬಸ್ಸಿಳಿದು ಕಾಲೇಜಿನಿಂದ ಬಂದವಳು ಮಂಚದ ಕೆಳಗೆ ಬಗ್ಗಿ ನೋಡಿದಳು. ಎದ್ದು ನಿಂತಳು. ಕಿರುಚಲಿಲ್ಲ. 'ಅದ್ರಲ್ಲಿ ಮೂರು ಗೌರಿಬಿದನೂರಿನ ಫ್ರೆಂಡ್‌ದು, ಅಪ್ಪ' ಅಂದಳು. ಅಷ್ಟೇ. ಮಾರನೆಯ ದಿನ ರದ್ದಿಯವನ ಹತ್ತಿರ ಓಡಿದೆ. ಲಾರಿ ಹೋಗಿಯಾಗಿತ್ತು.

ಅವಳು ನನ್ನ ಜೊತೆ ಮಾತು ಬಿಡಲಿಲ್ಲ. ಊಟ ಮಾಡ್ದಾ ಅಂತ ಕೇಳುತ್ತಾಳೆ, ಬಸ್ಸಿಗೆ ದುಡ್ಡು ಕೇಳುತ್ತಾಳೆ. ಆದರೆ ಹಿಂದೆಲ್ಲ ತಾನು ಬರೆದ ಚಿತ್ರವನ್ನು ನನ್ನ ಮೂಗಿನ ಹತ್ತಿರ ಹಿಡಿದು 'ಅಪ್ಪ, ಹೆಂಗೈತೆ?' ಅನ್ನುತ್ತಿದ್ದಳಲ್ಲ, ಅದು ನಿಂತಿತು. ನಾನು ಕೋಣೆಗೆ ಹೋದರೆ ಡ್ರಾಯಿಂಗ್ ಪುಸ್ತಕ ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಜಗಳವಾಡುವವರನ್ನು ಒಪ್ಪಿಸಬಹುದು, ನನಗೆ ಅದೇ ಕಸುಬು. ಮೆಲ್ಲಗೆ ಪುಸ್ತಕ ಮುಚ್ಚುವವರನ್ನು ಏನು ಮಾಡುತ್ತೀರಿ?

ಕೊನೆಗೆ ನನ್ನ ಹೆಂಡತಿಯೇ ದಾರಿ ಹೇಳಿದಳು. ಚೈತ್ರಳಿಗೆ ಪ್ರಾಣವಾದ ಒಬ್ಬ ಚಿತ್ರಗಾರ್ತಿ ಜಪಾನಿನಲ್ಲಿದ್ದಾಳಂತೆ. ಬರೆದು ಬರೆದು ಮಣಿಕಟ್ಟು ಕೆಟ್ಟು ಮೂರು ವರ್ಷ ಕುಂಚ ಮುಟ್ಟಿರಲಿಲ್ಲವಂತೆ. ಈಗ ಹೊಸ ಕಥೆ ಶುರು ಮಾಡಿದ್ದಾಳೆ, ಮೊದಲ ಸಂಪುಟ ಬಂದಿದೆ. ಇಂಗ್ಲಿಷಿಗೆ ಬರಲು ಇನ್ನೂ ಎಷ್ಟು ಕಾಲವೋ. ಮಗಳು ಅದರ ಮುಖಪುಟವನ್ನೇ ಮೊಬೈಲಿನ ಪರದೆಗೆ ಹಾಕಿಕೊಂಡಿದ್ದಾಳೆ.

'ಮೂರು ವರ್ಷ ಕಾದಿದ್ದಾಳೆ ಕಣ್ರೀ,' ಅಂದಳು ಹೆಂಡತಿ. 'ಆಯಮ್ಮನ ಕೈ ವಾಸಿ ಆಗ್ಲಿ ಅಂತ ಕೈವಾರದಲ್ಲಿ ಹರಕೆನೂ ಹೊತ್ತಿದ್ಲು.'

ಮೂರು ವರ್ಷ! ನಾನೂ ವಾರ ವಾರ ಬರೆಯುವವನೇ. ಹೋದ ವರ್ಷ ಜ್ವರ ಬಂದು ಎರಡು ವಾರ ಬರೆಯದಿದ್ದಾಗ ಸಂಪಾದಕರು ಈ ಜಾಗದಲ್ಲಿ ಬೋರ್‌ವೆಲ್ ಜಾಹೀರಾತು ಹಾಕಿದರು. ಯಾರಾದರೂ ಕೇಳಿದಿರಾ? ಒಬ್ಬರು ಮಾತ್ರ ಫೋನ್ ಮಾಡಿದ್ದರು. ಬೋರ್‌ವೆಲ್ ರೇಟ್ ವಿಚಾರಿಸಲು.

ಹೋಗಲಿ. ನೂಲು ಮಾರಲು ಬೆಂಗಳೂರಿಗೆ ಹೋದಾಗ ಆ ಮುಖಪುಟದ ಫೋಟೋ ಹಿಡಿದು ಅಂಗಡಿ ಅಂಗಡಿ ತಿರುಗಿದೆ. ಐದನೆಯ ಅಂಗಡಿಯಲ್ಲಿ ಸಿಕ್ಕಿತು. ಗಲ್ಲಾದಲ್ಲಿ ದಪ್ಪ ಕನ್ನಡಕದ ಹೆಣ್ಣುಮಗಳು. 'ಒಂದೇ ಕಾಪಿ ಸಾರ್, ಜಪಾನಿಂದ ತರಿಸಿದ್ದು' ಅಂದಳು. ಸಾವಿರದ ಎಂಟುನೂರು ಹೇಳಿದಳು.

ತೆಗೆದು ನೋಡಿದೆ. ಮೊದಲ ಪುಟ ತೆರೆದರೆ ಕಥೆ ಮುಗಿದಂತೆ ಕಾಣುತ್ತಿದೆ. ಕೊನೆಯಿಂದ ತೆರೆದರೆ ಅಲ್ಲಿ ಹೆಸರು, ಅಲ್ಲಿ ಶುರು. ಪುಟದ ಸಂಖ್ಯೆ ಅಲ್ಲೊಂದು ಇಲ್ಲೊಂದು, ಅದೂ ಹಿಂದು ಮುಂದು. ನನ್ನ ಕಣ್ಣು ಮಿಂಚಿತು.

'ಇದು ಬೈಂಡಿಂಗ್ ಉಲ್ಟಾ ಆಗಿದೆಯಲ್ಲಮ್ಮ? ಬೆನ್ನು ಬಲಗಡೆಗೆ ಬಂದಿದೆ. ಡ್ಯಾಮೇಜ್ ಮಾಲು.'

ಆಕೆ ಪುಸ್ತಕ ನೋಡಿದಳು. ನನ್ನನ್ನು ನೋಡಿದಳು. ಕನ್ನಡಕ ಸರಿ ಮಾಡಿಕೊಂಡಳು.

'ಹೌದಾ ಸಾರ್? ನಾನು ಗಮನಿಸೇ ಇರ್ಲಿಲ್ಲ. ಸರಿ, ಡಿಫೆಕ್ಟ್ ಪೀಸ್ ಅಂತ ಸಾವಿರದ ಇನ್ನೂರಕ್ಕೆ ಕೊಡ್ತೀನಿ. ವಾಪಸ್ ಮಾತ್ರ ತಗೊಳಲ್ಲ.'

ಆರುನೂರು ಉಳಿಸಿದ ಖುಷಿಯಲ್ಲಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ತಪ್ಪಾಗಿ ಹೊಲಿದ ಪುಸ್ತಕವನ್ನು ಮಗಳಿಗೆ ಕೊಡುವುದು ಹೇಗೆ? ಒಂದು ಸಲ ಪುಸ್ತಕದ ವಿಷಯದಲ್ಲಿ ಎಡವಿದ್ದೇನೆ. ಇನ್ನೊಂದು ಸಲ ಆಗಬಾರದು. ಅವಳ ಪರೀಕ್ಷೆ ಶನಿವಾರ ಮುಗಿಯುತ್ತದೆ. ಅಷ್ಟರಲ್ಲಿ ಸರಿ ಮಾಡಿಸಿ ಕೈಗಿಟ್ಟರೆ ಆಯಿತು.

ಗೋಡೌನಿನಲ್ಲಿ ಕೂತು, ನೂಲಿನ ಗಂಟಿನ ಮೇಲೆ ಗುರುತು ಹಾಕುವ ದಪ್ಪ ಪೆನ್ಸಿಲ್ ತೆಗೆದುಕೊಂಡೆ. ಬೆನ್ನು ಕತ್ತರಿಸಿದರೆ ಹಾಳೆಗಳು ಚೆದುರುತ್ತವಲ್ಲ? ಹಾಗಾಗಬಾರದು ಅಂತ ಹೆಸರಿದ್ದ ಕಡೆಯಿಂದ ಒಂದೊಂದು ಹಾಳೆಗೂ ನಂಬರ್ ಹಾಕಿದೆ. ಒಂದು, ಎರಡು, ಮೂರು... ತೊಂಬತ್ತಾರರವರೆಗೆ. ಎಲ್ಲಿ ಬಿಳಿ ಜಾಗ ಕಂಡಿತೋ ಅಲ್ಲಿ, ಎದ್ದು ಕಾಣುವ ಹಾಗೆ. ಎಷ್ಟು ಅಚ್ಚುಕಟ್ಟು!

ನಮ್ಮೂರಲ್ಲಿ ಬೈಂಡಿಂಗ್ ಅಂದರೆ ಬಾಷಾ ಭಾಯ್. ಶಾಲೆ ಪುಸ್ತಕ, ಆಫೀಸಿನ ರಿಜಿಸ್ಟರು, ಎಲ್ಲ ಅವರ ಕೈಯಲ್ಲೇ. ನಾನು ಹೋದಾಗ ಅವರು ಇರಲಿಲ್ಲ, ಅವರ ಹೆಂಡತಿ ಇದ್ದರು. ಪುಸ್ತಕದ ಜೊತೆ ಚೀಟಿ ಬರೆದು ಕೊಟ್ಟೆ: 'ಹಿಂದು ಮುಂದಾಗಿದೆ. ಬೆನ್ನು ಕತ್ತರಿಸಿ, ನಂಬರ್ ಪ್ರಕಾರ ಜೋಡಿಸಿ, ಎಡಗಡೆಗೆ ಹೊಲಿಯಿರಿ. ಅರ್ಜೆಂಟ್.' ಕೆಲಸ ಬೇಗ ಆಗಲಿ ಅಂತ ಇಪ್ಪತ್ತು ರೂಪಾಯಿ ಹೆಚ್ಚಿಗೆ ಕೊಟ್ಟೆ. ಕೇಳದೇನೇ. (ನನ್ನನ್ನು ಬಲ್ಲವರು ಈ ಸಾಲನ್ನು ಎರಡು ಸಲ ಓದಿಕೊಳ್ಳಿ.)

ಸಂಜೆ ಮನೆಗೆ ಬಂದು ಕಾಫಿ ಲೋಟ ಹಿಡಿದು ಕೂತೆ. ಜಗಲಿಯ ಮೇಲೆ ಚೈತ್ರ ಮೊಬೈಲಿನಲ್ಲಿ ಯಾವುದೋ ಚಿತ್ರಕಥೆ ನೋಡುತ್ತಿದ್ದಳು. ಪಕ್ಕದಲ್ಲಿ ನನ್ನಮ್ಮ. ನಮ್ಮಮ್ಮನಿಗೆ ಮಾತು ಅಂದರೆ ತೆಲುಗು, ಬೈಗುಳ ಮಾತ್ರ ಕನ್ನಡ.

'ಅದೇಂಟೇ, ಎನಕನಿಂಚಿ ಚೂಸ್ತಾವು?' ಅಂತ ಕೇಳಿದಳು ಅಮ್ಮ. ಹಿಂದಿನಿಂದ ಯಾಕೆ ನೋಡ್ತೀಯೇ ಅಂತ.

'ಇದು ಹಂಗೇ ಅಜ್ಜಿ. ಜಪಾನಿನೋರು ಬಲಗಡೆಯಿಂದ ಎಡಗಡೆಗೆ ಓದ್ತಾರೆ. ಪುಸ್ತಕ ಶುರು ಆಗೋದೇ ನಮ್ ಕೊನೇ ಪುಟದಿಂದ. ಚಿತ್ರ ಎಲ್ಲ ಆ ಲೆಕ್ಕದಲ್ಲೇ ಬರ್ದಿರ್ತಾರೆ. ತಿರುಗಿಸಿದ್ರೆ ಕೆಟ್ಟೋಯ್ತದೆ.'

ಕಾಫಿ ಲೋಟವನ್ನು ಅಲ್ಲೇ ಇಟ್ಟು ಎದ್ದೆ.

ಬಾಷಾ ಭಾಯ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಸ್ಕೂಟರ್ ತೆಗೆದೆ. ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಪಕ್ಕದ ಹೂವಿನವಳು 'ನಮಾಜಿಗೆ ಹೋದ್ರು' ಅಂದಳು. ಮಸೀದಿಯ ಮುಂದೆ ಹೋಗಿ ಚಪ್ಪಲಿಗಳ ಪಕ್ಕ ನಿಂತೆ. ನನ್ನ ಬದುಕಿನಲ್ಲಿ ಇನ್ನೊಬ್ಬರು ಕೆಲಸ ನಿಧಾನ ಮಾಡಿರಲಿ ಅಂತ ದೇವರನ್ನು ಬೇಡಿಕೊಂಡದ್ದು ಅದೇ ಮೊದಲು.

ಅವರು ಹೊರಗೆ ಬಂದರು.

'ಅರೆ ಅಣ್ಣಾ, ಏನಾಯ್ತು? ಯಾಕೆ ಹಿಂಗೆ ಬೆವ್ತಿದ್ದೀರ?'

'ಕುಯ್ದುಬಿಟ್ರಾ ಭಾಯ್?'

'ಏನನ್ನ?'

'ಪುಸ್ತಕ! ಜಪಾನಿ ಪುಸ್ತಕ!'

'ಅರ್ಜೆಂಟ್ ಅಂತ ಬರ್ದಿದ್ರಲ್ಲ,' ಅಂದರು. 'ನಡೀರಿ ಅಂಗಡಿಗೆ.'

ಅವರ ಹಿಂದೆಯೇ ಸ್ಕೂಟರ್ ತಳ್ಳಿಕೊಂಡು ಹೋದೆ. ಶಟರ್ ಎತ್ತಿದರು. ಕಟಿಂಗ್ ಮೆಷಿನ್ನಿನ ಕೆಳಗೆ ಬೆರಳಗಲದ ಬಿಳಿ ಕಾಗದದ ಪಟ್ಟಿಗಳು ರಾಶಿ ಬಿದ್ದಿದ್ದವು. ನೋಡಿ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

'ಅವು ನೋಟ್ ಬುಕ್ಕಿಂದು ಅಣ್ಣ,' ಅಂದರು ಭಾಯ್. ಮೇಜಿನ ಡ್ರಾಯರ್ ಎಳೆದು ಪುಸ್ತಕ ತೆಗೆದರು. ಇಡಿಯಾಗಿತ್ತು.

'ಬ್ಲೇಡ್ ಕೆಳಗೆ ಇಟ್ಟೇ ಇದ್ದೆ. ಒಂದ್ಸಲ ತೆಗ್ದು ನೋಡಣ ಅಂತ ತೆಗ್ದೆ. ನಮ್ ಉರ್ದು ಕಿತಾಬು ಹೆಂಗೆ ತೆಗೀತೀವೋ ಹಂಗೇ ತೆರ್ಕೊಂತು. ಪುಸ್ತಕ ಸೀದಾನೇ ಐತೆ ಅಣ್ಣ. ಉಲ್ಟಾ ಇರೋದು ನಿಮ್ ಚೀಟಿ.'

ಪುಸ್ತಕ ಕೈಗೆ ತೆಗೆದುಕೊಂಡೆ. ಭಾಯ್ ಮುಂದುವರಿಸಿದರು. 'ಹಂಗೇ ನೋಡ್ತಾ ನೋಡ್ತಾ ಪೂರಾ ನೋಡ್ಬಿಟ್ಟೆ. ಒಂದು ಊರಲ್ಲಿ ಬಿಸಿನೀರಿನ ಸ್ನಾನದ ಮನೆ. ನಡೆಸೋದು ಗಂಡ ಹೋಗಿರೋ ಹೆಂಗ್ಸು. ಎದುರುಗಡೆ ಕಟಿಂಗ್ ಶಾಪಿನೋನು. ದಿನಾ ಬರ್ತಾನೆ, ದುಡ್ಡು ಇಡ್ತಾನೆ, ಸ್ನಾನ ಮಾಡ್ತಾನೆ. ಮಾತಿಲ್ಲ ಕತೆಯಿಲ್ಲ. ಆಯಮ್ಮನ ಅಣ್ಣನೇ ಇರ್ಬೇಕು. ಆಸ್ತಿ ಭಾಗದ ಜಗಳ.'

'ಅಕ್ಷರ ಗೊತ್ತಿಲ್ದೇ ಇದೆಲ್ಲ ಹೆಂಗೆ ಗೊತ್ತಾಯ್ತು ಭಾಯ್?'

'ಮುಖ ಗೊತ್ತಾಗ್ತದಲ್ಲ?' ಅಂದರು. ಆಮೇಲೆ ಸ್ವಲ್ಪ ನಾಚಿಕೊಂಡೇ ಕೇಳಿದರು: 'ಮುಂದಿನ ಭಾಗ ಯಾವಾಗ ಬರ್ತದೆ?'

ಪುಸ್ತಕ ಉಳಿಯಿತು. ಆದರೆ ನಂಬರುಗಳು? ಭಾಯ್ ಹತ್ತಿರ ರಬ್ಬರ್ ಇಸಿದುಕೊಂಡು ಒಂದನ್ನು ಉಜ್ಜಿದೆ. ಪೆನ್ಸಿಲ್ ಗುರುತಿನ ಜೊತೆ ಅಚ್ಚಿನ ಕಪ್ಪೂ ಎದ್ದು ಬಂದು ಕಲೆಯಾಯಿತು. ಭಾಯ್ ನನ್ನ ಕೈ ಹಿಡಿದರು. 'ಉಜ್ಬೇಡಿ. ಈ ಕಾಗದ ತಡೆಯಲ್ಲ.'

ಮೂರು ದಿನ ಪುಸ್ತಕ ಬೀರುವಿನಲ್ಲಿತ್ತು. ಆ ಮೂರು ದಿನವೂ ನಾನು ಒಂದು ಸುಳ್ಳನ್ನು ತಯಾರು ಮಾಡುತ್ತಿದ್ದೆ. ಸುಲಭದ ಸುಳ್ಳು: 'ಸೆಕೆಂಡ್ ಹ್ಯಾಂಡ್ ಕಣಮ್ಮ, ಹಿಂದೆ ಯಾರ ಹತ್ತಿರ ಇತ್ತೋ ಅವರು ಬರೆದಿದ್ದಾರೆ.' ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಸುಳ್ಳುಗಳು ನಡೆಯುತ್ತವೆ. ಯಾರಿಗೆ ಗೊತ್ತಾಗುತ್ತದೆ?

ಶನಿವಾರ ಚೈತ್ರ ಪರೀಕ್ಷೆ ಮುಗಿಸಿ ಬಂದಳು. ಪುಸ್ತಕ ಕೈಗೆ ಕೊಟ್ಟೆ. ಮುಖಪುಟ ನೋಡಿದವಳು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಳು. ಆಮೇಲೆ ಮೂಗಿಗೆ ಹತ್ತಿರ ತಂದು ಕಾಗದದ ವಾಸನೆ ನೋಡಿದಳು. ಇನ್ನೂ ತೆರೆದಿರಲಿಲ್ಲ. ನಾನು ಸುಳ್ಳು ಹೇಳಬೇಕಾದ ಕ್ಷಣ ಅದೇ. ಬಾಯಿ ತೆರೆದೆ. ಬಂದದ್ದು ಬೇರೆ.

'ಒಳಗೆಲ್ಲ ನಂಬರ್ ಐತಮ್ಮ. ನಾನೇ ಬರ್ದಿದ್ದು.'

ಬೈಂಡಿಂಗ್ ಕಥೆ ಪೂರ್ತಿ ಹೇಳಿದೆ. ಅವಳು ಚಾಪೆಯ ಮೇಲೆ ಕೂತು ಬಲಗಡೆಯಿಂದ ಪುಟ ತಿರುವುತ್ತಾ ಹೋದಳು. ಹತ್ತು, ಇಪ್ಪತ್ತು, ಮೂವತ್ತು. ನಲವತ್ತೇಳರಲ್ಲಿ ನಿಂತಳು. ಅಲ್ಲಿ ನಾನು ಪುಟದ ನಟ್ಟ ನಡುವೆ ಬರೆದಿದ್ದೆ.

'ಇಲ್ಲಿ ಯಾಕಪ್ಪ ಮಧ್ಯದಲ್ಲಿ ಬರ್ದೆ?'

'ಖಾಲಿ ಇತ್ತಲ್ಲಮ್ಮ.'

'ಖಾಲಿ ಅಲ್ಲಪ್ಪ ಅದು. ಆವಿ.'

ನೋಡಿದೆ. ಪುಟದ ಕೆಳಗಿನ ಮೂಲೆಯಲ್ಲಿ ಚಿಕ್ಕದಾಗಿ ಒಂದು ನೀರಿನ ತೊಟ್ಟಿ, ಅದರ ಅಂಚಿನಲ್ಲಿ ಒಬ್ಬ ಮುದುಕನ ತಲೆ. ಮಿಕ್ಕಿದ್ದೆಲ್ಲ ಬಿಳಿ. ಆ ಬಿಳಿಯನ್ನು ಬಿಡುವುದಕ್ಕೆ ಆ ಚಿತ್ರಗಾರ್ತಿ ಎಷ್ಟು ಯೋಚಿಸಿದ್ದಳೋ. ನಾನು ಅದರ ಮೇಲೆ ಗೋಡೌನಿನ ಪೆನ್ಸಿಲ್ಲಿನಲ್ಲಿ ನಲವತ್ತೇಳು ಅಂತ ಬರೆದಿದ್ದೆ.

'ತೊಂಬತ್ತಾರು ನಂಬರ್ ಹಾಕಿದ್ದೀಯಲ್ಲ ಅಪ್ಪ,' ಅಂದಳು. 'ಒಂದು ಚಿತ್ರ ಆದ್ರೂ ನೋಡ್ದಾ?'

ಒಂದು ಗೂಡು ಕೈಗೆ ತೆಗೆದುಕೊಂಡು ಇದರಲ್ಲಿ ಎಷ್ಟು ನೂಲು ಬರುತ್ತದೆ ಅಂತ ಹೇಳಬಲ್ಲೆ. ತೊಂಬತ್ತಾರು ಹಾಳೆಯನ್ನು ಕೈಯಲ್ಲಿ ತಿರುಗಿಸಿಯೂ ಒಂದು ಮುಖ ನೆನಪಿರಲಿಲ್ಲ.

ಚೈತ್ರ ಅತ್ತರೆ ಏನು ಮಾಡಲಿ ಅಂತ ನಾನು ಹೆದರಿದ್ದೆ. ಅವಳು ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

'ಕೂತ್ಕೋ. ಇಲ್ಲಿಂದ ಶುರು. ಮೇಲೆ ಬಲಗಡೆ. ಆಮೇಲೆ ಎಡಗಡೆ. ಆಮೇಲೆ ಕೆಳಗೆ. ನಿಧಾನಕ್ಕೆ.'

ಕೂತೆ. ಕಣ್ಣು ಪದೇ ಪದೇ ಎಡಕ್ಕೆ ಓಡುತ್ತಿತ್ತು. ಅವಳು ನನ್ನ ಬೆರಳು ಹಿಡಿದು ಬಲಕ್ಕೆ ತಂದಿಡುತ್ತಿದ್ದಳು, ಒಂದನೇ ಕ್ಲಾಸಿನಲ್ಲಿ ನಾನು ಅವಳಿಗೆ ಮಾಡಿದ ಹಾಗೆ. ಮಾತಿಲ್ಲದ ಒಂದು ಪುಟ ಬಂತು. ಬರೀ ಚಪ್ಪಲಿ. ಸ್ನಾನದ ಮನೆಯ ಬಾಗಿಲಲ್ಲಿ ಒಂದೇ ಜೊತೆ.

'ಇಡೀ ಪುಟಕ್ಕೆ ಒಂದು ಜೊತೆ ಚಪ್ಪಲಿನಾ? ಇದಕ್ಕೂ ದುಡ್ಡಾ?'

'ಹಿಂದಿನ ಪುಟದಲ್ಲಿ ಎಷ್ಟು ಜೊತೆ ಇತ್ತು, ನೋಡು.'

ತಿರುಗಿಸಿ ನೋಡಿದೆ. ಅದು ಹಳೆಯ ಕಾಲದ ಪುಟ, ಸ್ನಾನದ ಮನೆಯವಳ ಗಂಡ ಇದ್ದಾಗಿನದು. ಇಪ್ಪತ್ತಕ್ಕೂ ಹೆಚ್ಚು ಜೊತೆ ಇತ್ತು. ಈಗ ಆ ಊರಲ್ಲಿ ಎಲ್ಲರ ಮನೆಯಲ್ಲೂ ಬಚ್ಚಲು ಬಂದಿದೆ. ಮುಚ್ಚುತ್ತಿರುವ ವ್ಯಾಪಾರವನ್ನು ಚಿತ್ರಗಾರ್ತಿ ಒಂದು ಅಕ್ಷರವಿಲ್ಲದೆ ಹೇಳಿಬಿಟ್ಟಿದ್ದಾಳೆ. ನೂಲು ತೆಗೆಯುವ ಚರಕ ನಿಲ್ಲಿಸಿದ ಎಷ್ಟೋ ಮನೆಗಳ ಮುಂದೆ ನಾನು ದಿನಾ ಓಡಾಡುತ್ತೇನೆ. ಅವರ ಬಾಗಿಲಲ್ಲಿ ಎಷ್ಟು ಜೊತೆ ಚಪ್ಪಲಿ ಇದೆ ಅಂತ ಎಂದಾದರೂ ನೋಡಿದ್ದೇನೆಯೇ?

ನಮ್ಮಮ್ಮ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದಳು. 'ಇಪ್ಪುಡು ನುವ್ವು ಕೂಡಾನಾ?' ಅಂದಳು. ಈಗ ನೀನೂ ಕೆಟ್ಟೆಯಾ ಅನ್ನುವ ಧಾಟಿಯಲ್ಲಿ. ಚೈತ್ರ ನಕ್ಕಳು. ಯುಗಾದಿ ಆದ ಮೇಲೆ ನನ್ನ ಪಕ್ಕ ಕೂತು ನಕ್ಕದ್ದು ಅವತ್ತೇ.

ಮಾರನೆಯ ವಾರ ಅವಳೇ ಬಾಷಾ ಭಾಯ್ ಅಂಗಡಿಗೆ ಹೋಗಿ ಥ್ಯಾಂಕ್ಸ್ ಹೇಳಿ ಬಂದಳು. ಕಟಿಂಗ್ ಶಾಪಿನವನು ಆಯಮ್ಮನ ಅಣ್ಣ ಅಲ್ಲ, ಗಂಡನ ಗೆಳೆಯ ಅಂತಲೂ ಹೇಳಿದಳು. ಭಾಯ್ ಒಪ್ಪಲಿಲ್ಲವಂತೆ. 'ಭಾಗದ ಜಗಳ ಇಲ್ದೇ ಯಾರೂ ಅಷ್ಟು ವರ್ಷ ಮಾತು ಬಿಡಲ್ಲ ಕಣಮ್ಮ. ಎರಡನೇ ಭಾಗ ಬರ್ಲಿ, ನೀನೇ ನೋಡು' ಅಂದರಂತೆ. ಈಗ ನಮ್ಮೂರಲ್ಲಿ ಆ ಚಿತ್ರಗಾರ್ತಿಗೆ ಮೂವರು ಅಭಿಮಾನಿಗಳು. ಅವರಲ್ಲಿ ಇಬ್ಬರಿಗೆ ಜಪಾನಿ ಅಕ್ಷರ ಬರುವುದಿಲ್ಲ.

ಇನ್ನು ನಿಮಗೆ ನಾಲ್ಕು ಮಾತು. ಪುಕ್ಕಟೆ.

ಮಕ್ಕಳ ಮಂಚದ ಕೆಳಗಿನ ಪೆಟ್ಟಿಗೆಯನ್ನು ಅವರು ಮನೆಯಲ್ಲಿಲ್ಲದಾಗ ಮುಟ್ಟಬೇಡಿ. ಗೊಂಬೆ ಪುಸ್ತಕವೇ ಇರಲಿ, ಬೆಂಕಿಪೊಟ್ಟಣದ ಲೇಬಲ್ಲೇ ಇರಲಿ. ಮಾಂಗಾ ಕೊಳ್ಳುವುದಾದರೆ ಮೊದಲ ಸಂಪುಟ ಒಂದನ್ನೇ ಕೊಳ್ಳಿ, ರುಚಿ ಹತ್ತಿದರೆ ಮುಂದಿನದು. ಇಡೀ ಸೆಟ್ ತಗೊಳ್ಳಿ ಅಂತ ಅಂಗಡಿಯವರು ಹೇಳೇ ಹೇಳುತ್ತಾರೆ. ಚೌಕಾಸಿ ಖಂಡಿತ ಮಾಡಿ, ಆದರೆ ಮಾಲಿನ ಬಗ್ಗೆ ತಿಳಿದುಕೊಂಡು ಮಾಡಿ. ದಪ್ಪ ಕನ್ನಡಕದವರು ತಕ್ಷಣ ರೇಟ್ ಇಳಿಸಿದರೆ ನೀವು ಗೆದ್ದಿರಿ ಅಂತಲ್ಲ. ನಿಮ್ಮ ಕಣ್ಣಿಗೆ ತಪ್ಪು ಅಂತ ಕಂಡದ್ದನ್ನು ಕತ್ತರಿಸಲು ಕೊಡುವ ಮೊದಲು ಅದನ್ನು ದಿನಾ ಬಳಸುವವರನ್ನು ಒಂದು ಮಾತು ಕೇಳಿ. ಎಲ್ಲ ಊರಲ್ಲೂ ಬಾಷಾ ಭಾಯ್ ಇರುವುದಿಲ್ಲ. ಇದ್ದರೂ ಎಲ್ಲ ದಿನವೂ ಬ್ಲೇಡಿನ ಕೆಳಗಿನಿಂದ ತೆಗೆದು ನೋಡುವುದಿಲ್ಲ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಇನ್ನೂ ಒಂದು ಕೆಲಸ ಮಾಡಿ, ಖರ್ಚಿಲ್ಲ. ಮಾರ್ಕ್ಸ್ ಎಷ್ಟು ಬಂತು ಅಂತ ಕೇಳುವುದನ್ನು ನಾಳೆಗಿಟ್ಟುಕೊಳ್ಳಿ.

ನಿಮ್ಮ ಮನೆಯಲ್ಲಿ ಯಾರು ಯಾವುದಕ್ಕೆ ಮೂರು ವರ್ಷದಿಂದ ಕಾಯುತ್ತಿದ್ದಾರೆ, ನಿಮಗೆ ಗೊತ್ತಿದೆಯೇ?